ಮನೆಯಲ್ಲೇ ಕಟ್ಟುವ ವಿಮಾನದ ಒಡಲು

ವಿಮಾನದಿಂದ ರೆಕ್ಕೆ, ಬಾಲ, ಎಂಜಿನ್, ಚಕ್ರ ಎಲ್ಲವನ್ನೂ ಕಳಚಿಟ್ಟರೆ ಉಳಿಯುವ ಉದ್ದನೆಯ ಟೊಳ್ಳು ಒಡಲೇ ಫ್ಯೂಸಲಾಜ್. ಲೋಹದ ಸಣ್ಣ ವಿಮಾನಗಳಲ್ಲಿ ಇದರ ಹೊರತಗಡು ಹೆಚ್ಚೆಂದರೆ ಒಂದು ಮಿಲಿಮೀಟರ್ ದಪ್ಪ. ಬಿಡಿಯಾಗಿ ಎತ್ತಿಕೊಂಡರೆ ಕೈಯಲ್ಲೇ ಬಳುಕುತ್ತದೆ. ಅದನ್ನು ಬಾಗಿಸಿ, ಒಳಗೆ ಅಡ್ಡ ಚೌಕಟ್ಟು ಕೊಟ್ಟು, ಅಂಚಿಗೆ ಅಂಚು ಕೂಡಿಸಿದ ಮೇಲೆ ಅದೇ ತಗಡು ಭಾರ ಹೊರತೊಡಗುತ್ತದೆ. ತೆಂಗಿನ ಚಿಪ್ಪು ಅಷ್ಟು ತೆಳುವಾಗಿದ್ದೂ ಗಟ್ಟಿಯಾಗಿರುವುದು ಅದರ ದುಂಡಗಿನ ಬಾಗಿನಿಂದ, ಎಲ್ಲೂ ಕಡಿಯದ ಮೈಯಿಂದ. ವಿಮಾನದ ಒಡಲಿನ ಬಲವೂ ಅಲ್ಲೇ ಇದೆ. ಆದ್ದರಿಂದ ಇಲ್ಲಿ ತಗಡು ಬರಿಯ ಹೊದಿಕೆಯಲ್ಲ, ಅದನ್ನು ಹಿಡಿದಿಡುವ ಒಂದೊಂದು ರಿವೆಟ್ಟೂ ಲೆಕ್ಕಕ್ಕೆ ಬರುತ್ತದೆ.

ಬಿಡಿಭಾಗ ತರಿಸಿ ಇಂಥ ಒಡಲನ್ನು ಜೋಡಿಸುವ ಕೆಲಸ ಕರ್ನಾಟಕಕ್ಕೆ ಹೊಸದಲ್ಲ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ತೆರೆದರು. ಅಲ್ಲಿ ಮೊದಲು ಸಿದ್ಧವಾಗಿ 1941ರ ಆಗಸ್ಟ್‌ನಲ್ಲಿ ಹಾರಿದ್ದು ಅಮೆರಿಕದಿಂದ ಭಾಗಗಳಾಗಿ ಬಂದ ಹಾರ್ಲೋ ಪಿಸಿ-5 ಎಂಬ ಲೋಹದ ತರಬೇತಿ ವಿಮಾನ. ಅದರ ಮೂಲ ಮಾದರಿ ಇನ್ನೂ ಸ್ವಾರಸ್ಯದ್ದು: ಕ್ಯಾಲಿಫೋರ್ನಿಯಾದ ಪಸಡೀನಾ ಜೂನಿಯರ್ ಕಾಲೇಜಿನಲ್ಲಿ ಮ್ಯಾಕ್ಸ್ ಹಾರ್ಲೋ ಎಂಬ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳ ಕೈಯಿಂದಲೇ ಕಟ್ಟಿಸಿ, 1937ರಲ್ಲಿ ಹಾರಿಸಿದ ವಿಮಾನ ಅದು. ಕಲಿಯುವವರ ಕೈಗೆ ನಿಲುಕುವ ಕೆಲಸ ಇದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಬೆಂಗಳೂರಿನಲ್ಲಿ ಪಿಸಿ-5 ಹಾರಿದ ಹತ್ತು ವರ್ಷದ ಬಳಿಕ, 1951ರಲ್ಲಿ, ವಿ. ಎಂ. ಘಾಟಗೆ ಅವರ ತಂಡ ವಿನ್ಯಾಸ ಮಾಡಿದ ಎಚ್‌ಟಿ-2 ವಿಮಾನ ಅದೇ ಕಾರ್ಖಾನೆಯಿಂದ ಹಾರಿತು. ಈಗ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲೂ ಆ ಕಂಪನಿಯ ಇಂದಿನ ರೂಪವಾದ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ. ಅದು ಉದ್ಘಾಟನೆಯಾದದ್ದು 2023ರ ಫೆಬ್ರುವರಿಯಲ್ಲಿ. ಫಿಟ್ಟರ್, ಶೀಟ್ ಮೆಟಲ್ ಕಲಿತ ಈ ಸೀಮೆಯ ಐಟಿಐ ಮಕ್ಕಳಿಗೆ ಮುಂದೆ ಹೇಳುವ ಕೆಲಸದ ಅರ್ಧ ಪಾಠ ಆಗಲೇ ಗೊತ್ತಿರುತ್ತದೆ.

ಹವ್ಯಾಸಿಗಳು ಮನೆಯ ಶೆಡ್ಡಿನಲ್ಲಿ ಕಟ್ಟುವ ಕಿಟ್‌ಗಳಲ್ಲಿ ಹೆಸರಾದವು ಅಮೆರಿಕದ ವ್ಯಾನ್ಸ್ ಕಂಪನಿಯ ಆರ್‌ವಿ ಮಾಲಿಕೆಯವು. ಅವುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ವಿಮಾನಗಳು ಈವರೆಗೆ ಹಾರಿವೆ. ಅಮೆರಿಕದ ನಿಯಮದಂತೆ ಕೆಲಸದ ಅರ್ಧಕ್ಕಿಂತ ಹೆಚ್ಚಿನ ಪಾಲನ್ನು ಹವ್ಯಾಸಿಗಳೇ ಮಾಡಿರಬೇಕು. ಭಾರತದಲ್ಲಿ ಈ ದಾರಿ ಇನ್ನೂ ಕಿರಿದು. ಆದರೂ ಮುಂಬೈಯ ಅಮೋಲ್ ಯಾದವ್ ಮನೆಯ ತಾರಸಿಯ ಮೇಲೆ ಕಟ್ಟಿದ ಲೋಹದ ವಿಮಾನಕ್ಕೆ 2017ರಲ್ಲಿ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಯ ನೋಂದಣಿ ಸಿಕ್ಕಿತು.

ತಗಡು ಸಾಮಾನ್ಯವಾಗಿ 2024-ಟಿ3 ಎಂಬ ದರ್ಜೆಯ ಅಲ್ಯೂಮಿನಿಯಂ. ನೂರಕ್ಕೆ ಸುಮಾರು ನಾಲ್ಕು ಪಾಲು ತಾಮ್ರ ಬೆರೆತಿರುವುದರಿಂದ ಅದಕ್ಕೆ ಬಲ ಹೆಚ್ಚು. ಅದೇ ತಾಮ್ರದಿಂದ ಸವೆತದ ಭಯವೂ ಹೆಚ್ಚು. ಹಾಗಾಗಿ ಎರಡೂ ಮುಖಕ್ಕೆ ಶುದ್ಧ ಅಲ್ಯೂಮಿನಿಯಂನ ತೀರಾ ತೆಳುವಾದ ಪದರ ಕೂಡಿಸಿರುತ್ತಾರೆ. ಕೆಲಸದಲ್ಲಿ ಆಳವಾಗಿ ಗೀರು ಬಿದ್ದರೆ ಈ ಪದರ ಹರಿದುಹೋಗುತ್ತದೆ. ತಗಡಿನ ಮೇಲಿರುವ ನೀಲಿ ಪ್ಲಾಸ್ಟಿಕ್ ಹಾಳೆಯನ್ನು ಹಲವರು ಕೆಲಸದ ನಡುವೆ ಪೂರ್ತಿ ಕೀಳದಿರುವುದು ಇದೇ ಕಾರಣಕ್ಕೆ.

ಜೋಡಣೆ ಶುರುವಾಗುವುದು ಬಲ್ಕ್‌ಹೆಡ್ ಎಂಬ ಅಡ್ಡ ಚೌಕಟ್ಟುಗಳಿಂದ. ಅವುಗಳನ್ನು ಅಳತೆಯ ಅಂತರದಲ್ಲಿ ನಿಲ್ಲಿಸಿ, ಉದ್ದಕ್ಕೂ ಲಾಂಜರಾನ್ ಎಂಬ ಕೋನಪಟ್ಟಿಗಳನ್ನು ಹಾಯಿಸುತ್ತಾರೆ. ಮೇಲೆ ತಗಡು ಹೊದಿಸಿ ಕ್ಲೀಕೋ ಎಂಬ ಸ್ಪ್ರಿಂಗ್ ಪಿನ್ನುಗಳಿಂದ ತಾತ್ಕಾಲಿಕವಾಗಿ ಬಿಗಿಯುತ್ತಾರೆ. ಹಿಂದಿನ ಕಿಟ್‌ಗಳಲ್ಲಿ ಒಡಲು ನೇರವಾಗಿ ಬರಲು ಜಿಗ್ ಎಂಬ ದೊಡ್ಡ ಆಧಾರ ಚೌಕಟ್ಟನ್ನು ಕಟ್ಟಬೇಕಿತ್ತು. ಈಗ ಕಾರ್ಖಾನೆಯಲ್ಲೇ ಕಂಪ್ಯೂಟರ್ ಯಂತ್ರದಿಂದ ರಂಧ್ರ ಕೊರೆದು ಕಳಿಸುವುದರಿಂದ ರಂಧ್ರಕ್ಕೆ ರಂಧ್ರ ಕೂತರೆ ಒಡಲು ತಾನೇ ನೇರವಾಗುತ್ತದೆ. ಕೂರದಿದ್ದರೆ ಬಲವಂತ ಮಾಡುವಂತಿಲ್ಲ. ಎಲ್ಲೋ ಒಂದು ಭಾಗ ತಿರುಗುಮುರುಗಾಗಿದೆ ಎಂದೇ ಅರ್ಥ.

ಒಡಲಿನ ಆಯಸ್ಸು ನಿಂತಿರುವುದು ರಂಧ್ರದ ಮೇಲೆ. ಕ್ಲೀಕೋ ಹಾಕಿದ ಮೇಲೆ ಪ್ರತಿ ರಂಧ್ರವನ್ನೂ ಸರಿಯಾದ ಅಳತೆಗೆ ಮತ್ತೆ ಕೊರೆದು, ಎಲ್ಲವನ್ನೂ ಬಿಚ್ಚಿ, ಅಂಚಿನ ಚೂಪು ಬರ್ ತೆಗೆಯಬೇಕು. ಬರ್ ಉಳಿದರೆ ಎರಡು ತಗಡುಗಳ ನಡುವೆ ಸಂದು ನಿಲ್ಲುತ್ತದೆ. ಅಲ್ಲದೆ ಒರಟು ಅಂಚಿನಿಂದಲೇ ಬಿರುಕು ಹುಟ್ಟುತ್ತದೆ. ಕಣ್ಣಿಗೆ ಕಾಣದ ಅಂಥ ಬಿರುಕು ಎಂಜಿನ್ನಿನ ನಡುಕಕ್ಕೆ ವರ್ಷಗಟ್ಟಲೆ ಬೆಳೆಯುತ್ತಾ ಹೋಗಬಹುದು. ರಂಧ್ರವು ತಗಡಿನ ಅಂಚಿನಿಂದ ರಿವೆಟ್ಟಿನ ವ್ಯಾಸದ ಎರಡರಷ್ಟಾದರೂ ಒಳಗಿರಬೇಕೆಂಬ ನಿಯಮದ ಹಿಂದೆಯೂ ಇದೇ ಭಯವಿದೆ. ಹೊರಮೈ ನುಣುಪಾಗಿರಬೇಕಾದ ಕಡೆ ರಂಧ್ರದ ಸುತ್ತ ತಗಡನ್ನು ಅಚ್ಚಿನಲ್ಲಿ ಒತ್ತಿ ಕುಳಿ ಮಾಡುತ್ತಾರೆ, ಚಪ್ಪಟೆ ತಲೆಯ ರಿವೆಟ್ ಅದರಲ್ಲಿ ಮಟ್ಟವಾಗಿ ಕೂರುತ್ತದೆ. ಬಳಿಕ ಪ್ರೈಮರ್ ಬಳಿದು, ಒಣಗಿಸಿ, ಮತ್ತೆ ಜೋಡಿಸಬೇಕು. ಮೊದಲ ಸಲ ಕಟ್ಟುವವರಿಗೆ ಬೇಸರ ಬರುವುದು ಈ ಘಟ್ಟದಲ್ಲೇ, ಅವಸರಕ್ಕೆ ಬೆಲೆ ತೆರುವುದೂ ಇಲ್ಲೇ.

ರಿವೆಟ್ ಹೊಡೆಯಲು ಇಬ್ಬರು ಬೇಕು. ಹೊರಗಿನವರ ಕೈಯಲ್ಲಿ ಗಾಳಿಯ ಒತ್ತಡದಿಂದ ಬಡಿಯುವ ರಿವೆಟ್ ಗನ್, ಒಳಗಿನವರ ಕೈಯಲ್ಲಿ ಬಕಿಂಗ್ ಬಾರ್ ಎಂಬ ನುಣುಪಾದ ಉಕ್ಕಿನ ತುಂಡು. ಬಾಲದ ಕಡೆ ಒಡಲು ಕಿರಿದಾಗುತ್ತಾ ಹೋಗುವುದರಿಂದ ಒಳಗಿನವರು ಮಗ್ಗುಲಾಗಿ ಮಲಗಿ, ಕೈ ಚಾಚಿ ಬಾರ್ ಒತ್ತಿಹಿಡಿಯಬೇಕು. ಹೊರಗಿನಿಂದ ‘ರೆಡಿನಾ?’, ಒಳಗಿನಿಂದ ‘ಹೂಂ, ಹೊಡಿ’. ಒಂದೆರಡು ಸೆಕೆಂಡಿನ ಬಡಿತಕ್ಕೆ ರಿವೆಟ್ಟಿನ ಬಾಲ ಉಬ್ಬಿ ತಲೆಯಾಗುತ್ತದೆ. ಆ ತಲೆಯ ಅಗಲ ರಿವೆಟ್ಟಿನ ವ್ಯಾಸದ ಒಂದೂವರೆಯಷ್ಟು, ಎತ್ತರ ವ್ಯಾಸದ ಅರ್ಧದಷ್ಟು ಇರಬೇಕು. ಕಡಿಮೆ ಬಡಿದರೆ ಹಿಡಿತವಿಲ್ಲ, ಅತಿಯಾಗಿ ಬಡಿದರೆ ಲೋಹ ಪೆಡಸಾಗಿ ಸೀಳುತ್ತದೆ. ಗನ್ ಜಾರಿದರೆ ತಗಡಿನ ಮೇಲೆ ಅರ್ಧಚಂದ್ರದ ಗುರುತು ಬೀಳುತ್ತದೆ. ಕೆಟ್ಟ ರಿವೆಟ್ಟನ್ನು ತಲೆಯ ನಡುವೆ ಕೊರೆದು ತೆಗೆಯಬಹುದು. ಆಗ ರಂಧ್ರ ಹಿಗ್ಗಿದರೆ ಮುಂದಿನ ಅಳತೆಯ ರಿವೆಟ್ಟೇ ಗತಿ. ಹೀಗಾಗಿ ತುಸು ಓರೆಯಾದ ರಿವೆಟ್ಟನ್ನು ತೆಗೆಯಲು ಹೋಗಿ ರಂಧ್ರ ಕೆಡಿಸುವುದಕ್ಕಿಂತ ಅದನ್ನು ಹಾಗೇ ಬಿಡುವುದು ಎಷ್ಟೋ ಸಲ ಜಾಣತನ.

ಮುಂಭಾಗದಲ್ಲಿ ಎಂಜಿನ್ ಮತ್ತು ಪೈಲಟ್ ನಡುವೆ ಫೈರ್‌ವಾಲ್ ಬರುತ್ತದೆ. ಬೆಂಕಿಗೆ ಅಲ್ಯೂಮಿನಿಯಂ ಬೇಗ ಕರಗುವುದರಿಂದ ಇದನ್ನು ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡುತ್ತಾರೆ. ಎರಡು ಬೇರೆ ಲೋಹ ತಾಗಿದ ಕಡೆ ತೇವ ನಿಂತರೆ ಅಲ್ಯೂಮಿನಿಯಂ ಸವೆಯುತ್ತದೆ, ಆದ್ದರಿಂದ ನಡುವೆ ಪ್ರೈಮರ್ ಅಥವಾ ಸೀಲಂಟ್ ತಪ್ಪದೆ ಬೇಕು.

ಮೇಲ್ಭಾಗದ ತಗಡು ಕಟ್ಟಕಡೆಗೆ. ಅದಕ್ಕೂ ಮೊದಲು ಚುಕ್ಕಾಣಿಯ ತಂತಿ, ಬ್ರೇಕಿನ ಕೊಳವೆ, ವೈರಿಂಗ್ ಎಲ್ಲ ಒಳಗೆ ಕೂತಿರಬೇಕು. ಮುಚ್ಚಿದ ಮೇಲೆ ಅಲ್ಲಿಗೆ ಕೈ ಹೋಗುವುದು ಕಷ್ಟ. ಅನುಭವಿಗಳನ್ನು ಕರೆದು ಒಳಗಿನ ರಿವೆಟ್ ಸಾಲುಗಳನ್ನು ಟಾರ್ಚ್ ಹಿಡಿದು ತೋರಿಸುವುದು, ಹಂತಹಂತದ ಫೋಟೋ ಮತ್ತು ದಿನಚರಿ ಇಡುವುದು ಕಟ್ಟುವವರ ರೂಢಿ. ಮುಂದೆ ಪರವಾನಗಿ ಕೊಡುವ ಅಧಿಕಾರಿಗಳೂ ಅದನ್ನೇ ಕೇಳುತ್ತಾರೆ. ಮುಚ್ಚಿದ ಒಡಲನ್ನು ನಾಲ್ಕಾರು ಜನ ಹೊತ್ತು ಲಾರಿಗೆ ಏರಿಸುತ್ತಾರೆ. ರೆಕ್ಕೆಯ ತೊಲೆಯನ್ನು ಬೋಲ್ಟುಗಳಿಂದ ಒಡಲಿಗೆ ಕೂಡಿಸುವ ಕೆಲಸ ನಡೆಯುವುದು ವಿಮಾನ ನಿಲ್ದಾಣದ ಹ್ಯಾಂಗರಿನಲ್ಲಿ.