ಉದ್ಯಾನದ ಒಣಕೊಂಬೆ

ಮಕ್ಕಳೊಡನೆ ಬೆಂಗಳೂರಿನ ಕಬ್ಬನ್ ಉದ್ಯಾನಕ್ಕೆ ಹೋಗಿಬರುವ ಹೆತ್ತವರಲ್ಲಿ ಕೆಲವರು, “ಅಮ್ಮಾ, ಅಲ್ಲಿ ಇಷ್ಟೊಂದು ಒಣಕೊಂಬೆಗಳೂ ತರಗೆಲೆಗಳೂ ಬಿದ್ದಿವೆಯಲ್ಲಾ, ಶುಚಿಮಾಡಿಸಬಾರದೇ?” ಎಂದು ನಮ್ಮನ್ನು ಕೇಳುವುದುಂಟು. ಈ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರ ಹೇಳತಕ್ಕದ್ದಾಗಿದೆ.

ಈ ಉದ್ಯಾನವು 1870ರಲ್ಲಿ ಸ್ಥಾಪಿತವಾಯಿತು. 1927ರಲ್ಲಿ ಇದಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ಹೆಸರಿಟ್ಟರೂ ಜನರ ಬಾಯಲ್ಲಿ ಹಳೆಯ ಹೆಸರೇ ನಿಂತಿದೆ. ಕಾಡಿನೊಡನೆ ಹೋಲಿಸಿದರೆ ಇದು ಅತ್ಯಲ್ಪವಾದ ಸ್ಥಳ. ಆದರೂ ಅಲ್ಲಿ ಅನೇಕ ಜೀವಿಗಳು ಸಂಸಾರ ಹೂಡಿಕೊಂಡಿವೆ.

ಕಂಚುಗಾರ ಹಕ್ಕಿಯನ್ನೇ ತೆಗೆದುಕೊಳ್ಳೋಣ. ಗುಬ್ಬಿಗಿಂತ ತುಸು ದೊಡ್ಡದಾದ ಈ ಹಸುರು ಹಕ್ಕಿಯ ಹಣೆಯೂ ಎದೆಯೂ ಕೆಂಪು. ಬಿಸಿಲೇರಿದಾಗ ಇದು ಪಾತ್ರೆ ಬಡಿಯುವವನಂತೆ “ಟುಕ್, ಟುಕ್” ಎಂದು ಬಿಡದೆ ಕೂಗುವುದು. ಹಸಿಮರವನ್ನು ಕೊರೆಯುವಷ್ಟು ಬಲ ಇದರ ಕೊಕ್ಕಿಗಿಲ್ಲ. ಆದುದರಿಂದ ಗಂಡೂ ಹೆಣ್ಣೂ ಸೇರಿ ಒಣಗಿ ಮೆದುವಾದ ಕೊಂಬೆಯ ಕೆಳಮೈಯಲ್ಲಿ ದುಂಡನೆಯ ತೂತು ಕೊರೆದು, ಒಳಗೆ ಮೊಟ್ಟೆಯಿಡುತ್ತವೆ. ಕಾವು ಕೊಡುವುದರಲ್ಲಿಯೂ ಎರಡಕ್ಕೂ ಪಾಲುಂಟು. ಅವು ಬಿಟ್ಟುಹೋದ ಪೊಟರೆಗಳು ವ್ಯರ್ಥವಾಗುವುದಿಲ್ಲ. ತಾವಾಗಿ ಮರ ಕೊರೆಯಲಾರದ ಬೇರೆ ಹಕ್ಕಿಗಳು ಅಂಥವುಗಳನ್ನು ಹುಡುಕಿಕೊಂಡು ಬರುತ್ತವೆ. ಗಿಳಿ, ಮಡಿವಾಳ ಹಕ್ಕಿ, ಹಾಲಕ್ಕಿ ಮೊದಲಾದವು ಪೊಟರೆಯಿಲ್ಲದೆ ಮರಿಮಾಡುವುದು ಕಷ್ಟ. ಒಂದು ಒಣಕೊಂಬೆಯನ್ನು ಕಡಿದರೆ ಎಷ್ಟು ಮನೆಗಳು ಕೆಡುತ್ತವೆಂಬುದನ್ನು ಗೃಹಿಣಿಯರು ಸುಲಭವಾಗಿ ತಿಳಿಯಬಲ್ಲರು.

ತರಗೆಲೆಯ ಸಂಗತಿಯೂ ಹೀಗೆಯೇ. ಅದರಡಿಯಲ್ಲಿ ಎರೆಹುಳುಗಳೂ ಕೀಟಗಳೂ ಬೆಳೆದು, ಮಡಿವಾಳ ಹಕ್ಕಿಗೆ ಆಹಾರವಾಗುತ್ತವೆ. ಕೊಳೆತ ಎಲೆಯು ಮರಕ್ಕೆ ಗೊಬ್ಬರವಾಗುತ್ತದೆ. ಗುಡಿಸಿ ಸುಟ್ಟರೆ ಉಳಿಯುವುದು ಬೂದಿ, ಹೊಗೆ.

ಹಾಗೆಂದು ಮಕ್ಕಳ ಆಟಕ್ಕೆ ನಾವು ವಿರೋಧಿಗಳಲ್ಲ. ಓಡಲಿ, ನಗಲಿ, ಪಟ್ಟಣದ ಮಕ್ಕಳಿಗೆ ಬೇರೆ ಬಯಲೆಲ್ಲಿದೆ? ದಾರಿಯ ಮೇಲೆಯೂ ಆಟದ ಸ್ಥಳದ ಮೇಲೆಯೂ ಬಾಗಿದ ಒಣಕೊಂಬೆಗಳನ್ನು ಅವಶ್ಯವಾಗಿ ತೆಗೆಸಬೇಕು. ಜನಸಂಚಾರವಿಲ್ಲದ ಮೂಲೆಗಳಲ್ಲಿ ಮಾತ್ರ ಅವನ್ನು ಬಿಡುವುದು ಯುಕ್ತ. 2023ರಿಂದ ಅಲ್ಲಿ ಶನಿವಾರಗಳಂದು ಅನೇಕರು ಮರದಡಿ ಕುಳಿತು ಮೌನವಾಗಿ ಪುಸ್ತಕ ಓದುವ ವಾಡಿಕೆ ಬಂದಿದೆ. ಇಂಥ ವಿನೋದದಿಂದ ಯಾವ ಹಕ್ಕಿಗೂ ತೊಂದರೆಯಿಲ್ಲ. ಪಾರಿವಾಳಗಳಿಗೆ ಚೀಲಗಟ್ಟಲೆ ಕಾಳೆರಚುವುದನ್ನು ಮಾತ್ರ ನಾವು ಮೆಚ್ಚೆವು. ಅವುಗಳ ಸಂಖ್ಯೆ ಹೆಚ್ಚಿದಷ್ಟೂ ಹಿಕ್ಕೆಯ ಉಪದ್ರವವೂ ಹೆಚ್ಚು.

ಕಂಚುಗಾರ ಹಕ್ಕಿಯ ಗೂಡನ್ನು ನೋಡಬಯಸುವವರು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೋಗಬಹುದು. ಮರದಿಂದ ದೂರ ಕುಳಿತು, ಮಕ್ಕಳಿಗೆ ಮಾತನಾಡದಿರಲು ಹೇಳಿ, ಕೊಂಬೆಯ ಕೆಳಮೈಯನ್ನು ನೋಡುತ್ತಿರಬೇಕು.