ಕೋವಿಯ ಹೊಟ್ಟೆಯಡಿಯ ಬರಹ

ಹಳೆಯ ಇಂಗ್ಲಿಷ್ ಜೋಡಿನಳಿಗೆ ಕೋವಿ ಕೊಳ್ಳಲು ಹೊರಟವರು ಅದನ್ನು ಕೈಗೆತ್ತಿಕೊಂಡ ಕೂಡಲೇ ಪಕ್ಕದಲ್ಲಿ ಕೆತ್ತಿದ ಹೆಸರನ್ನು ಹುಡುಕುತ್ತಾರೆ. ಪರ್ಡಿ, ಹಾಲಂಡ್ ಅಂಡ್ ಹಾಲಂಡ್, ಬಾಸ್ ಎಂದಿದ್ದರೆ ಮುಖ ಅರಳುತ್ತದೆ. ಯಾವುದೋ ಸಣ್ಣ ಪೇಟೆಯ ಅಂಗಡಿಯ ಹೆಸರಿದ್ದರೆ ಕೋವಿ ಮೆಲ್ಲಗೆ ಮೇಜಿಗೆ ವಾಪಸು. ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ: ಹೆಸರು ಆಮೇಲೆ ಓದಿ. ಮೊದಲು ತೋಟಾ ಇಲ್ಲವೆಂದು ಎರಡು ಸಲ ನೋಡಿ, ನಳಿಗೆಯಡಿಯ ಮರದ ತುಂಡು ಕಳಚಿ, ನಳಿಗೆಗಳನ್ನು ಬಿಚ್ಚಿ ಮಗುಚಿ ಹಾಕಿ. ಬುಡದ ಚಪ್ಪಟೆ ಜಾಗದಲ್ಲಿ ಇರುವೆ ಸಾಲಿನಂತೆ ಕೆಲವು ಮುದ್ರೆಗಳಿವೆ. ಕೋವಿಯ ಜಾತಕ ಅಲ್ಲಿದೆ.

ಮೂಲಪಾಠವನ್ನು ಬೇಗ ಮುಗಿಸೋಣ. 12 ಬೋರ್ ಎಂದರೇನು? ಒಂದು ಪೌಂಡ್ ಸೀಸವನ್ನು 12 ಸಮಪಾಲು ಮಾಡಿ ಉಂಡೆ ಕಟ್ಟಿದರೆ ಒಂದು ಉಂಡೆಯ ಅಡ್ಡಳತೆ ಎಷ್ಟೋ, ನಳಿಗೆಯ ಒಳಗಿನ ಅಗಲವೂ ಅಷ್ಟು. ಅಂದರೆ 0.729 ಇಂಚು, ಸುಮಾರು 18.5 ಮಿ.ಮೀ. ಪಾಲು ಹೆಚ್ಚಾದಷ್ಟೂ ಉಂಡೆ ಸಣ್ಣದು, ಆದ್ದರಿಂದ 20 ಬೋರ್ ಕೋವಿ 12ಕ್ಕಿಂತ ಕಿರಿದು. ಇನ್ನು ಯಂತ್ರ. ಬರ್ಮಿಂಗ್‌ಹ್ಯಾಮಿನ ವೆಸ್ಟ್ಲಿ ರಿಚರ್ಡ್ಸ್ ಕಾರ್ಖಾನೆಯ ಆನ್ಸನ್ ಮತ್ತು ಡೀಲಿ 1875ರಲ್ಲಿ ರೂಪಿಸಿದ್ದು ಬಾಕ್ಸ್‌ಲಾಕ್. ಅದರ ಒಳಸಾಮಾನೆಲ್ಲ ಒಂದೇ ಪೆಟ್ಟಿಗೆಯೊಳಗೆ ಕೂರುತ್ತದೆ. ಎರಡು ಪಕ್ಕದ ತಗಡುಗಳ ಮೇಲೆ ಬೀಗದಂತೆ ಯಂತ್ರ ಜೋಡಿಸಿದ್ದು ಸೈಡ್‌ಲಾಕ್. ಪರ್ಡಿಯವರ ಪ್ರಸಿದ್ಧ ಸೈಡ್‌ಲಾಕ್ 1880ರಲ್ಲಿ ಫ್ರೆಡರಿಕ್ ಬೀಸ್ಲಿ ಕಂಡುಹಿಡಿದದ್ದು. ಎರಡನೆಯದು ಚೆಂದ, ದುಬಾರಿ. ಮೊದಲ ಕೋವಿ ಕೊಳ್ಳುವವರಿಗೆ ನನ್ನ ಮತ ಬರ್ಮಿಂಗ್‌ಹ್ಯಾಮಿನ ಸಾದಾ ಬಾಕ್ಸ್‌ಲಾಕಿಗೆ. ಸಣ್ಣ ಪೇಟೆಯ ಹೆಸರು ಹೊತ್ತ ಎಷ್ಟೋ ಕೋವಿಗಳು ಹುಟ್ಟಿದ್ದು ಬರ್ಮಿಂಗ್‌ಹ್ಯಾಮಿನ ಕುಲುಮೆಗಳಲ್ಲಿಯೇ. ಅಂಗಡಿಯವರು ಕೆತ್ತಿಸಿಕೊಂಡದ್ದು ಹೆಸರನ್ನಷ್ಟೇ.

ಈ ಕೋವಿಗಳ ಬೆಡಗು ಇರುವುದು ಅವುಗಳ ಹಗುರದಲ್ಲಿ. ಆಗಸ್ಟ್ 12ರಂದು ಇಂಗ್ಲೆಂಡಿನ ಉತ್ತರದ ಬೋರೆಗಳಲ್ಲಿ ಗ್ರೌಸ್ ಬೇಟೆ ಶುರುವಾಗುತ್ತದೆ. ಅಕ್ಟೋಬರ್ 1ರಿಂದ ಫೆಬ್ರವರಿ 1ರವರೆಗೆ ಫೆಸೆಂಟ್. ಹಕ್ಕಿ ರೆಕ್ಕೆ ಬಡಿದು ತಲೆಯ ಮೇಲೆ ಹಾದುಹೋಗುವ ಎರಡು ಮೂರು ಕ್ಷಣದಲ್ಲಿ ಕೋವಿ ಹೆಗಲಿಗೇರಬೇಕು, ತೂಗಬೇಕು, ಹಾರಬೇಕು. ದಿನವಿಡೀ ಹೊತ್ತು ನಡೆಯಬೇಕಾದ್ದೂ ಉಂಟು. ಹಾಗೆಂದು ತೀರ ಹಗುರವಾದರೆ ಹೆಗಲಿಗೆ ಒದೆಯುತ್ತದೆ. ಹಳೆಯ ಕಸುಬುದಾರರು ಇದಕ್ಕೊಂದು ಲೆಕ್ಕ ಇಟ್ಟುಕೊಂಡಿದ್ದರು: ಚರೆಯ ತೂಕದ 96 ಪಟ್ಟು ಕೋವಿಯ ತೂಕ. ಒಂದು ಔನ್ಸ್ ಚರೆಗೆ 96 ಔನ್ಸ್, ಅಂದರೆ 6 ಪೌಂಡಿನ ಕೋವಿ. ಒಂದು ಔನ್ಸಿನ ಮೇಲೆ ಇನ್ನು ಸ್ವಲ್ಪ ಸೇರಿಸಿ ಆರೂವರೆ ಪೌಂಡಿನ ಆಸುಪಾಸು ಮಾಡಿದರೆ ಅದೇ ಇಂಗ್ಲಿಷ್ ಹಕ್ಕಿಕೋವಿ. ಹಾಗಾಗಿ ಕೋವಿ ಬೇರೆ, ತೋಟಾ ಬೇರೆ ಎಂದು ಯೋಚಿಸುವುದೇ ತಪ್ಪು. ಇಂಥ ತೋಟಾಕ್ಕೆಂದೇ ಕೋವಿಯನ್ನು ಅಳೆದು ಹೊಲಿದಿದ್ದಾರೆ. ಜನ ಎಡವುವುದೂ ಇಲ್ಲಿಯೇ. ಇದೊಂದನ್ನು ನಿಧಾನವಾಗಿ ಹೇಳುತ್ತೇನೆ, ಕೇಳಿ.

ನಳಿಗೆಯ ಬುಡದಲ್ಲಿ ತೋಟಾ ಕೂರುವ ಗೂಡಿದೆ. ಇದೇ ಚೇಂಬರ್. ಹಳೆಯ ಇಂಗ್ಲಿಷ್ 12 ಬೋರಿನಲ್ಲಿ ಇದರ ಉದ್ದ ಸಾಮಾನ್ಯವಾಗಿ ಎರಡೂವರೆ ಇಂಚು, ಅಂದರೆ 65 ಮಿ.ಮೀ. ಈಗ ಅಂಗಡಿಯಲ್ಲಿ ಸಿಗುವ ತೋಟಾಗಳಲ್ಲಿ ಬಹುಪಾಲು 70 ಮಿ.ಮೀ. ಹಾಗಾದರೆ ಉದ್ದದ ತೋಟಾ ಗಿಡ್ಡ ಗೂಡಿಗೆ ಹಿಡಿಸುವುದೇ ಇಲ್ಲವಲ್ಲ, ಅಪಾಯವೆಲ್ಲಿ ಬಂತು ಎಂದು ಕೇಳುತ್ತೀರಿ. ಹಿಡಿಸುತ್ತದೆ! ಸಲೀಸಾಗಿ ಕೂರುತ್ತದೆ, ಕೋವಿ ಟಕ್ಕನೆ ಮುಚ್ಚಿಕೊಳ್ಳುತ್ತದೆ. ಏಕೆಂದರೆ ಪೆಟ್ಟಿಗೆಯ ಮೇಲೆ ಬರೆದ 70 ಎಂಬುದು ನೀವು ಕೈಯಲ್ಲಿ ಹಿಡಿದ ತೋಟಾದ ಉದ್ದವಲ್ಲ. ಈಡು ಹಾರಿದ ಮೇಲೆ ಬಾಯಿ ಬಿಚ್ಚಿಕೊಂಡ ಖಾಲಿ ಕೊಳವೆಯ ಉದ್ದ. ಹಾರುವ ಮುನ್ನ ಅದರ ಬಾಯಿ ನಕ್ಷತ್ರದಂತೆ ಒಳಕ್ಕೆ ಮಡಚಿಕೊಂಡಿರುತ್ತದೆ, ಆಗ ಅಳೆದರೆ ಸುಮಾರು 58 ಮಿ.ಮೀ. ಅಷ್ಟೇ. ದೊನ್ನೆಯ ಅಂಚು ಮಡಚಿ ಮುಚ್ಚಿದಂತೆ ಎಂದಿಟ್ಟುಕೊಳ್ಳಿ; ಬಿಡಿಸಿದರೆ ತಾನೇ ಎಲೆಯ ನಿಜವಾದ ಉದ್ದ?

ಈಗ ಈಡು ಹಾರಿತು. ಮಡಿಕೆ ಬಿಚ್ಚಿಕೊಂಡು ಮುಂದಕ್ಕೆ ಚಾಚುತ್ತದೆ. ಗೂಡು 65ಕ್ಕೇ ಮುಗಿದು, ಅಲ್ಲಿಂದ ಮುಂದೆ ದಾರಿ ಆಲಿಕೆಯಂತೆ ಕಿರಿದಾಗುತ್ತ ಸುಮಾರು 20 ಮಿ.ಮೀ.ನಿಂದ 18.5ಕ್ಕೆ ಇಳಿಯುತ್ತದೆ. ಬಿಚ್ಚಿದ ಕೊಳವೆಯ ತುದಿ ಹೋಗಿ ಆ ಆಲಿಕೆಯ ಬಾಯಿಗೇ ತುರುಕಿಕೊಳ್ಳುತ್ತದೆ. ಚರೆ ಹೊರಹೋಗಬೇಕಾದ ದಾರಿ ಇನ್ನಷ್ಟು ಇಕ್ಕಟ್ಟಾಗುತ್ತದೆ, ಹಿಂದೆ ಮದ್ದು ಉರಿಯುತ್ತಲೇ ಇದೆ, ಒತ್ತಡ ಏರುತ್ತದೆ. ಅದೂ ಸಾಲದೆಂಬಂತೆ 70ರ ತೋಟಾಗಳಲ್ಲಿ ಚರೆಯ ತೂಕವೂ ಹಳೆಯದಕ್ಕಿಂತ ಹೆಚ್ಚಿರುವುದೇ ಸಾಮಾನ್ಯ. ಒಂದೇ ಈಡಿಗೆ ನಳಿಗೆ ಸಿಡಿಯಲೇಬೇಕೆಂದಿಲ್ಲ. “ನಾನು ಹತ್ತು ವರ್ಷದಿಂದ ಹಾರಿಸುತ್ತಿದ್ದೇನೆ, ಏನಾಗಿದೆ?” ಎನ್ನುವವರು ಸಿಗುವುದು ಅದಕ್ಕೇ. ಆಗಿರುವುದು ಅವರ ಕೋವಿಯ ಕೀಲಿಗೆ ಗೊತ್ತು.

ಇದಕ್ಕೆ ಮದ್ದೆಂದು ಕೆಲವರು ಗೂಡನ್ನೇ ಕೊರೆಸಿ ಉದ್ದ ಮಾಡಿಸಿರುತ್ತಾರೆ. ಮೊದಲೇ ತೆಳ್ಳಗಿನ ಲೋಹ, ಒತ್ತಡ ಅತಿ ಹೆಚ್ಚಿರುವ ಜಾಗ, ಅಲ್ಲಿಯೇ ಹೆರೆದದ್ದು. ಮತ್ತೆ ಪರೀಕ್ಷೆಗೆ ಕಳಿಸದೆ ಅಂಥ ಕೋವಿಯನ್ನು ನಂಬುವಂತಿಲ್ಲ. ಇನ್ನೊಂದು ತೊಡಕು: 1925ಕ್ಕಿಂತ ಹಿಂದಿನ ಕೋವಿಗಳಲ್ಲಿ ಗೂಡಿನ ಉದ್ದವನ್ನು ಒತ್ತುವ ಪದ್ಧತಿಯಿರಲಿಲ್ಲ. ವಜ್ರದಾಕಾರದ ಚೌಕಟ್ಟಿನೊಳಗೆ 12, ಅದರಡಿ ‘ಸಿ’ ಅಕ್ಷರ ಕಂಡರೆ ಗೂಡು ಮೂರು ಇಂಚಿಗಿಂತ ಗಿಡ್ಡ ಎಂದಷ್ಟೇ ಅರ್ಥ. ಉಳಿದದ್ದನ್ನು ಅಳತೆಕಡ್ಡಿಯೇ ಹೇಳಬೇಕು. ಮಾರುವವನ ಮಾತು ಅಳತೆಕಡ್ಡಿಯಲ್ಲ. ಗೂಡು 65 ಎಂದು ಖಚಿತವಾದರೆ 65ರದ್ದೇ ತೋಟಾ ತನ್ನಿ. ಇಂಗ್ಲೆಂಡಿನಲ್ಲಿ ಇಂದಿಗೂ ತಯಾರಾಗುತ್ತದೆ.

ಈ ಮುದ್ರೆ ಒತ್ತುವವರು ಯಾರು? ಇಂಗ್ಲೆಂಡಿನಲ್ಲಿ ಎರಡು ಪರೀಕ್ಷಾಲಯಗಳಿವೆ. ಒಂದು ಲಂಡನ್ನಿನ ಕೋವಿ ಕಸುಬಿನವರ ಸಂಘದ್ದು. ಆ ಸಂಘಕ್ಕೆ 1637ರಲ್ಲಿ ರಾಜಸನ್ನದು ಸಿಕ್ಕಿತು. ಇನ್ನೊಂದು 1813ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯಿಂದ ಹುಟ್ಟಿದ ಬರ್ಮಿಂಗ್‌ಹ್ಯಾಮಿನದು. ವಾಡಿಕೆಯ ಈಡಿಗಿಂತ ಎಷ್ಟೋ ಬಿರುಸಾದ ಈಡನ್ನು ಹಾರಿಸಿ, ನಳಿಗೆ ಉಬ್ಬದೆ ಬಿರಿಯದೆ ಉಳಿದರೆ ಮುದ್ರೆ ಒತ್ತುತ್ತಾರೆ. ಕಿರೀಟದಡಿ ‘ಎನ್.ಪಿ.’ ಎಂದಿದ್ದರೆ ಈ ಕಾಲದ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾಗಿದೆ ಎಂದು ಲೆಕ್ಕ. ಕರಿಮದ್ದಿನ ಮುದ್ರೆ ಮಾತ್ರ ಇದ್ದರೆ ಅದನ್ನು ಗೋಡೆಗೆ ತೂಗುಹಾಕಿ.

ಮುದ್ರೆ ಒಮ್ಮೆ ಬಿದ್ದರೆ ಶಾಶ್ವತ ಎಂಬ ನಂಬಿಕೆಯೊಂದಿದೆ. ಅಲ್ಲ. ಅದು ಪರೀಕ್ಷೆಯ ದಿನ ನಳಿಗೆ ಹೇಗಿತ್ತು ಎಂಬುದಕ್ಕೆ ಸಾಕ್ಷಿ, ಅಷ್ಟೇ. ತುಕ್ಕಿನ ಗುಳಿಗಳನ್ನು ಉಜ್ಜಿ ಉಜ್ಜಿ ಕನ್ನಡಿಯಂತೆ ಮಾಡಿದ ನಳಿಗೆ ನೋಡಲು ಬಲು ಸೊಗಸು. ಆದರೆ ಉಜ್ಜಿದಷ್ಟೂ ಒಳಗಿನ ಅಗಲ ಹಿಗ್ಗುತ್ತದೆ, ಗೋಡೆ ಸವೆಯುತ್ತದೆ. ಬುಡದಿಂದ 9 ಇಂಚು ಒಳಗೆ ಅಗಲ ಅಳೆದು ಮುದ್ರೆಯ ಅಂಕಿಗೆ ಹೋಲಿಸುತ್ತಾರೆ. ಅನುಮತಿಸಿದ ಮಿತಿ ಮೀರಿ ಹಿಗ್ಗಿದ್ದರೆ ಆ ಪರೀಕ್ಷೆ ರದ್ದಾದಂತೆ. ಅಂಥ ಕೋವಿಯನ್ನು ಬ್ರಿಟನ್ನಿನಲ್ಲಿ ಮಾರುವುದೇ ಅಪರಾಧ. ತಮಾಷೆಯೆಂದರೆ ಗೋಡೆಯ ದಪ್ಪವನ್ನು ಮುದ್ರೆ ಹೇಳುವುದಿಲ್ಲ. ಅದನ್ನು ಬೇರೆಯೇ ಅಳೆಸಬೇಕು. ಅತಿ ತೆಳುವಾದ ಜಾಗದಲ್ಲೂ ಇಂಚಿನ ಸಾವಿರ ಭಾಗದಲ್ಲಿ 20 ಭಾಗ, ಅಂದರೆ ಅರ್ಧ ಮಿ.ಮೀ. ಉಳಿದಿರಲಿ ಎಂಬುದು ಕಸುಬಿನವರ ವಾಡಿಕೆ. ಅರ್ಧ ಮಿ.ಮೀ.! ನಿಮ್ಮ ಉಗುರಿನಷ್ಟು ದಪ್ಪದ ಉಕ್ಕನ್ನು ನಂಬಿ, ಎಡಗೈಯಲ್ಲಿ ಹಿಡಿದುಕೊಂಡೇ ಹಾರಿಸುತ್ತೀರಿ.

ಡಮಾಸ್ಕಸ್ ನಳಿಗೆಯ ಬಗ್ಗೆಯೂ ಕೇಳುತ್ತಾರೆ. ಕಬ್ಬಿಣ ಉಕ್ಕುಗಳ ಪಟ್ಟಿಗಳನ್ನು ಹುರಿಮಾಡಿ, ಸುರುಳಿ ಸುತ್ತಿ, ಬೆಸೆದ ನಳಿಗೆ ಅದು. ಮೈಮೇಲೆ ರಂಗೋಲಿಯಂತೆ ಸುಳಿ ಮೂಡಿರುತ್ತದೆ. ಅದೆಲ್ಲ ಅಪಾಯ ಎನ್ನುವುದೂ ಸರಿಯಲ್ಲ, ಚೆಂದವಿದೆಯೆಂದು ಕೊಳ್ಳುವುದೂ ಸರಿಯಲ್ಲ. ಹೊಗೆಯಿಲ್ಲದ ಮದ್ದಿನ ಪರೀಕ್ಷೆ ಗೆದ್ದು ಇಂದಿಗೂ ಮಿತಿಯೊಳಗಿರುವ ಡಮಾಸ್ಕಸ್ ನಳಿಗೆಗಳೂ ಇವೆ, ಮುದ್ರೆ ಕಳೆದುಕೊಂಡ ಉಕ್ಕಿನ ನಳಿಗೆಗಳೂ ಇವೆ.

ಅಂಗಡಿಯಲ್ಲೇ ಮಾಡಬಹುದಾದ ಎರಡು ಪರೀಕ್ಷೆ ನನಗೆ ಬಲು ಇಷ್ಟ. ಬಿಚ್ಚಿದ ನಳಿಗೆಜೋಡಿಯನ್ನು ಬುಡದ ಕೊಕ್ಕೆಯಿಂದ ಬೆರಳಿಗೆ ನೇತುಹಾಕಿ, ಗೆಣ್ಣಿನಿಂದ ತಟ್ಟಿ. ಗಂಟೆಯಂತೆ ನಾದ ಹೊರಟರೆ ನಳಿಗೆಗಳನ್ನು ಕೂಡಿಸಿದ ಪಟ್ಟಿಯ ಬೆಸುಗೆ ಗಟ್ಟಿ. ಒಡಕು ಮಡಕೆಯ ಸದ್ದಾದರೆ ಎಲ್ಲೋ ಬಿಟ್ಟಿದೆ. ಆಮೇಲೆ ಮುಂದಿನ ಮರದ ತುಂಡಿಲ್ಲದೆ ನಳಿಗೆ ಜೋಡಿಸಿ, ಮುಚ್ಚಿ, ಬೆಳಕಿಗೆ ಹಿಡಿಯಿರಿ. ನಳಿಗೆಯ ಬುಡಕ್ಕೂ ಅದು ಒರಗುವ ಉಕ್ಕಿಗೂ ನಡುವೆ ಬೆಳಕಿನ ಗೆರೆ ಕಂಡರೆ, ಅಲುಗಿಸಿದಾಗ ಲೊಟಕ್ ಎಂದರೆ, ಕೀಲು ಸವೆದಿದೆ. ಮೇಲಿನ ಹತ್ತು ವರ್ಷದ ಧೀರರ ಕೋವಿ ನೆನಪಿರಲಿ.

ಹೆಗಲಿಗೊತ್ತುವ ಹಿಡಿ ನಿಮ್ಮ ಮೈಗೆ ಒಗ್ಗದಿದ್ದರೆ ಬಿಸಿ ಎಣ್ಣೆಯ ಶಾಖ ಕೊಟ್ಟು ಬಾಗಿಸುವ ಕುಶಲಿಗಳಿದ್ದಾರೆ, ಚಿಂತೆ ಬೇಡ. ಚರೆಯ ಚಿಂತೆ ಮಾತ್ರ ಹೊಸದು. ಇಂಗ್ಲೆಂಡಿನಲ್ಲಿ ನೀರಹಕ್ಕಿಗಳಿಗೆ ಸೀಸದ ಚರೆ 1999ರಿಂದಲೇ ನಿಷಿದ್ಧ. ಬದಲಿಗೆ ಬಂದ ಉಕ್ಕಿನ ಚರೆ ಗಡುಸು. ತುದಿ ಕಿರಿದಾದ ತೆಳ್ಳನೆಯ ಹಳೆಯ ನಳಿಗೆಗಳಿಗೆ ಅದನ್ನು ಹಾಕುವ ಧೈರ್ಯ ಯಾರೂ ಮಾಡಬಾರದು. ಮೆತ್ತನೆಯ ಬಿಸ್ಮತ್ ಚರೆಯಿದೆ, ಬೆಲೆ ಕೈ ಸುಡುತ್ತದೆ. ಕೋವಿ ಕೊಳ್ಳುವಾಗ ತೋಟಾದ ಖರ್ಚನ್ನೂ ಪಕ್ಕಕ್ಕೆ ಬರೆದುಕೊಳ್ಳಿ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹಕ್ಕಿಬೇಟೆಯ ಮಾತೇ ಇಲ್ಲ, ಇರಲೂಬಾರದು. ಆದರೂ ಈ ಅಧ್ಯಾಯ ನಮಗೆ ಪೂರ್ತಿ ಪರವೂರಿನದಲ್ಲ. ಕಾಫಿ ತೋಟದ ದೊರೆಗಳ ಕಾಲದಲ್ಲಿ ಬಂದ ಇಂಗ್ಲಿಷ್ ತೋಟಾಕೋವಿಗಳು ಕೊಡಗಿನಲ್ಲೂ ಮಲೆನಾಡಿನಲ್ಲೂ ಇನ್ನೂ ಇವೆ. ಕೊಡವರ ಆಯುಧದ ಹಬ್ಬ ಕೈಲ್‌ಪೊಳ್ದ್ ದಿನ ತೋಕ್‌ಪೂ ಎಂಬ ಹೂವು ಮುಡಿಸಿಕೊಂಡು ಪೂಜೆಗೊಳ್ಳುವ ಕೋವಿ, ಚುನಾವಣೆ ಬಂದಾಗ ಠಾಣೆಗೆ ಹೋಗಿ ಕೂರುವ ಬೆಳೆರಕ್ಷಣೆಯ ಕೋವಿ, ಇವುಗಳ ಹೊಟ್ಟೆಯಡಿಯೂ ಅದೇ ಇರುವೆ ಸಾಲಿನ ಬರಹವಿದೆ. 1921ರಿಂದ ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯ ವರ್ಷಕ್ಕೊಂದು ಅಕ್ಷರದ ಗುಟ್ಟಿನ ಗುರುತನ್ನೂ ಒತ್ತತೊಡಗಿತು. ಅದು ಸಿಕ್ಕರೆ ಕೋವಿ ಪರೀಕ್ಷೆಗೊಳಗಾದ ವರ್ಷವೇ ಸಿಕ್ಕಂತೆ. ಯಾವ ಮನೆಯಲ್ಲಿ ಯಾವ ಮುದ್ರೆಯಿದೆ ಎಂದು ಯಾರಾದರೂ ಊರೂರು ತಿರುಗಿ ಬರೆದಿಡಬಾರದೇ? ಮುಂದಿನ ಸಲ ಅಜ್ಜನ ಕೋವಿಗೆ ಎಣ್ಣೆ ಹಚ್ಚಲು ಬಿಚ್ಚಿದಾಗ, ಮನೆಯವರ ಒಪ್ಪಿಗೆ ಪಡೆದು, ಒಂದು ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಆ ಅಚ್ಚು ತೆಗೆದುಕೊಳ್ಳಿ. ಪಕ್ಕದಲ್ಲಿ ಊರಿನ ಹೆಸರು, ಗೂಡಿನ ಉದ್ದ ಬರೆಯಿರಿ.