ಬ್ರೋಕರ್ ಬದಲಾದರೂ ಲೆಕ್ಕ ತಪ್ಪದಿರಲಿ

ಶುಲ್ಕ ಹೆಚ್ಚಾಯಿತೆಂದೋ, ಸೇವೆ ಸರಿಯಿಲ್ಲವೆಂದೋ ಷೇರು ಬ್ರೋಕರನ್ನು ಬದಲಿಸುವುದು ಈಗ ಹೂಡಿಕೆದಾರರಿಗೆ ಕಷ್ಟದ ಕೆಲಸವಲ್ಲ. ಹೊಸ ಖಾತೆ ತೆರೆದು, ಷೇರುಗಳನ್ನು ಅದಕ್ಕೆ ವರ್ಗಾಯಿಸಿ, ಹಳೆಯ ಖಾತೆಯನ್ನು ಮುಚ್ಚಿದರೆ ಎಲ್ಲವೂ ಮುಗಿಯಿತು ಎಂಬುದು ಸಾಮಾನ್ಯ ನಂಬಿಕೆ. ಆದರೆ ಹೀಗೆ ವರ್ಗವಾಗುವುದು ಷೇರುಗಳು ಮಾತ್ರ. ಅವುಗಳ ಪೂರ್ವ ಇತಿಹಾಸವಲ್ಲ. ಯಾವ ದಿನ, ಯಾವ ಬೆಲೆಗೆ ಕೊಂಡದ್ದು ಎಂಬ ವಿವರ ಹಳೆಯ ಬ್ರೋಕರ್ ಬಳಿಯೇ ಉಳಿದುಬಿಡುತ್ತದೆ. ಅದರ ಕೊರತೆ ಅರಿವಿಗೆ ಬರುವುದು ವರ್ಷಗಳ ನಂತರ, ಆದಾಯ ತೆರಿಗೆ ವಿವರ ಸಲ್ಲಿಸುವ ಹೊತ್ತಿಗೆ.

ಷೇರು ಎಲ್ಲಿ, ಲೆಕ್ಕ ಎಲ್ಲಿ?

1996ರ ಡಿಪಾಸಿಟರಿ ಕಾಯ್ದೆಯ ನಂತರ ಷೇರುಗಳು ಕಾಗದದ ರೂಪ ಕಳೆದುಕೊಂಡು ವಿದ್ಯುನ್ಮಾನ ರೂಪ ತಳೆದವು. ಅವುಗಳನ್ನು ಕಾಯ್ದಿರಿಸುವ ಸಂಸ್ಥೆಗಳು ಎನ್‌ಎಸ್‌ಡಿಎಲ್ ಮತ್ತು ಸಿಡಿಎಸ್‌ಎಲ್. ಬ್ರೋಕರ್ ಇಲ್ಲಿ ಮಧ್ಯವರ್ತಿ ಮಾತ್ರ. ಯಾರ ಹೆಸರಿನಲ್ಲಿ ಯಾವ ಕಂಪನಿಯ ಎಷ್ಟು ಷೇರುಗಳಿವೆ ಎಂಬುದು ಡಿಪಾಸಿಟರಿಯ ದಾಖಲೆಯಲ್ಲಿ ಭದ್ರವಾಗಿರುತ್ತದೆ. ಆದರೆ ಕೊಂಡ ಬೆಲೆಯನ್ನು ದಾಖಲಿಸುವುದು ಬ್ರೋಕರ್ ನೀಡುವ ಕಾಂಟ್ರಾಕ್ಟ್ ನೋಟ್. ಹೀಗಾಗಿ ಹೊಸ ಬ್ರೋಕರ್ ಪರದೆಯ ಮೇಲೆ ಖರೀದಿ ಬೆಲೆ ಸೊನ್ನೆ ಎಂದೋ, ವರ್ಗಾವಣೆಯಾದ ದಿನದ ಮಾರುಕಟ್ಟೆ ಬೆಲೆಯೆಂದೋ ಕಾಣಿಸಿಕೊಳ್ಳಬಹುದು.

ತೆರಿಗೆಯ ಪೆಟ್ಟು

ಸ್ವಂತ ಖಾತೆಯಿಂದ ಸ್ವಂತ ಖಾತೆಗೆ ಷೇರು ಸಾಗಿಸುವುದು ಮಾರಾಟವಲ್ಲ. ಅದಕ್ಕೆ ತೆರಿಗೆ ಇಲ್ಲ. ಮುಂದೆ ಮಾರಿದಾಗ ಲೆಕ್ಕಕ್ಕೆ ಬರುವುದು ಮೂಲ ಖರೀದಿಯ ದಿನ ಮತ್ತು ಬೆಲೆ. 2024ರ ಜುಲೈ 23ರಿಂದ ಜಾರಿಗೆ ಬಂದ ದರದಂತೆ, ಷೇರುಪೇಟೆಯಲ್ಲಿ ನೋಂದಾಯಿತ ಷೇರುಗಳನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡು ಮಾರಿದರೆ, ವರ್ಷಕ್ಕೆ 1.25 ಲಕ್ಷ ರೂಪಾಯಿ ಮೀರಿದ ಲಾಭದ ಮೇಲೆ ಶೇ 12.5 ತೆರಿಗೆ. ಅದಕ್ಕೆ ಮೊದಲೇ ಮಾರಿದರೆ ಶೇ 20.

ಒಂದು ಉದಾಹರಣೆ ನೋಡಬಹುದು. 2019ರಲ್ಲಿ ತಲಾ 400 ರೂಪಾಯಿಗೆ ಕೊಂಡ 200 ಷೇರುಗಳನ್ನು ಹೂಡಿಕೆದಾರರೊಬ್ಬರು 1,400 ರೂಪಾಯಿಯಂತೆ ಮಾರುತ್ತಾರೆ. ಲಾಭ 2 ಲಕ್ಷ ರೂಪಾಯಿ. ಬೇರೆ ಬಂಡವಾಳ ಲಾಭವಿಲ್ಲದಿದ್ದರೆ ವಿನಾಯಿತಿ ಕಳೆದು 75 ಸಾವಿರಕ್ಕೆ ತೆರಿಗೆ 9,375 ರೂಪಾಯಿ, ಸೆಸ್ ಪ್ರತ್ಯೇಕ. ಖರೀದಿ ಬೆಲೆಗೆ ದಾಖಲೆಯೇ ಇಲ್ಲದೆ ಅದನ್ನು ಸೊನ್ನೆ ಎಂದು ಹಿಡಿದರೆ ಲಾಭ 2.80 ಲಕ್ಷಕ್ಕೆ ಏರಿ, ತೆರಿಗೆ 19,375 ರೂಪಾಯಿಯಾಗುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ವರ್ಗಾವಣೆಯ ದಿನದ 1,300 ರೂಪಾಯಿಯನ್ನೇ ಖರೀದಿ ಬೆಲೆಯೆಂದು ತಿಳಿದರೆ ಲಾಭ ಕೇವಲ 20 ಸಾವಿರ ಎಂದು ತೋರುತ್ತದೆ. ಆಗ ಲಾಭ ಮರೆಮಾಚಿದ ಆರೋಪಕ್ಕೆ ಎಡೆಯಾಗುತ್ತದೆ. ತಪ್ಪು ಯಾವ ಕಡೆಗೆ ಆದರೂ ಹೊರೆ ಹೂಡಿಕೆದಾರರದೇ.

ಬೋನಸ್ ಷೇರಿನ ತೊಡಕು

ಹಳೆಯ ಹೂಡಿಕೆಯಾದಷ್ಟೂ ತೊಡಕು ಹೆಚ್ಚು. ಬೆಂಗಳೂರಿನ ಇನ್ಫೋಸಿಸ್ ಕಂಪನಿ 2014, 2015 ಮತ್ತು 2018ರಲ್ಲಿ ಒಂದಕ್ಕೊಂದರಂತೆ ಬೋನಸ್ ಷೇರು ನೀಡಿತು. 2013ರಲ್ಲಿ 100 ಷೇರು ಕೊಂಡು ಹಾಗೆಯೇ ಇಟ್ಟವರ ಬಳಿ ಈಗ 800 ಷೇರುಗಳಿರುತ್ತವೆ. ಹೊಸ ಖಾತೆಗೆ ಅವು ಒಂದೇ ಗಂಟಾಗಿ ಬರುತ್ತವೆ. ತೆರಿಗೆಯ ದೃಷ್ಟಿಯಲ್ಲಿ ಮಾತ್ರ ಅವು ಒಂದೇ ಅಲ್ಲ. 2018ರ ಜನವರಿ 31ಕ್ಕೆ ಮೊದಲೇ ಕೈಸೇರಿದ್ದ 400 ಷೇರುಗಳಿಗೆ ಆ ದಿನದ ಮಾರುಕಟ್ಟೆ ಬೆಲೆಯ ರಕ್ಷಣೆ ಉಂಟು. 2018ರ ಸೆಪ್ಟೆಂಬರಿನಲ್ಲಿ ಬಂದ ಉಳಿದ 400ಕ್ಕೆ ಅದಿಲ್ಲ. ಅವುಗಳ ಖರೀದಿ ವೆಚ್ಚ ಸೊನ್ನೆ. ಈ ವಿಂಗಡಣೆಯನ್ನು ತೋರಿಸಬಲ್ಲುದು ಹಳೆಯ ಖಾತೆಯ ವಹಿವಾಟು ಪಟ್ಟಿ ಮಾತ್ರ.

ಇದಲ್ಲದೆ ಡಿಮ್ಯಾಟ್ ಷೇರುಗಳ ಮಾರಾಟದಲ್ಲಿ ಖಾತೆಗೆ ಮೊದಲು ಬಂದದ್ದೇ ಮೊದಲು ಹೋಯಿತೆಂದು ಪರಿಗಣಿಸಲಾಗುತ್ತದೆ. ಈ ಕ್ರಮ ಪ್ರತಿ ಖಾತೆಗೂ ಪ್ರತ್ಯೇಕವಾಗಿ ಅನ್ವಯಿಸುತ್ತದೆ ಎಂದು ನೇರ ತೆರಿಗೆ ಮಂಡಳಿ 1998ರಲ್ಲೇ ಸ್ಪಷ್ಟಪಡಿಸಿದೆ.

ಖಾತೆ ಮುಚ್ಚುವ ಮುನ್ನ

ಹಳೆಯ ಖಾತೆಗೆ ಪ್ರವೇಶವಿರುವಾಗಲೇ ಈ ದಾಖಲೆಗಳನ್ನು ಇಳಿಸಿಕೊಳ್ಳುವುದು ಒಳಿತು:

* ಖಾತೆ ತೆರೆದ ದಿನದಿಂದ ಈವರೆಗಿನ ಖರೀದಿ-ಮಾರಾಟದ ಪೂರ್ಣ ಪಟ್ಟಿ ಮತ್ತು ಕಾಂಟ್ರಾಕ್ಟ್ ನೋಟ್‌ಗಳು
* ಡಿಮ್ಯಾಟ್ ಖಾತೆಯ ವಹಿವಾಟು ವಿವರ. ಬೋನಸ್, ಷೇರು ವಿಭಜನೆ, ಕಂಪನಿ ವಿಭಜನೆ ಇದರಲ್ಲಿ ನಮೂದಾಗಿರುತ್ತವೆ
* ಪ್ರತಿ ಆರ್ಥಿಕ ವರ್ಷದ ಲಾಭ-ನಷ್ಟ ವರದಿ ಮತ್ತು ಹಣದ ಲೆಡ್ಜರ್
* ವರ್ಗಾವಣೆಯ ಹಿಂದಿನ ದಿನದ ಷೇರುಗಳ ಪಟ್ಟಿ, ಸರಾಸರಿ ಖರೀದಿ ಬೆಲೆಯೊಂದಿಗೆ

ಡಿಪಾಸಿಟರಿಗಳು ಕಳುಹಿಸುವ ಕ್ರೋಡೀಕೃತ ಖಾತಾ ವಿವರವೇ ಸಾಕೆಂದು ಭಾವಿಸುವವರಿದ್ದಾರೆ. ಅದರಲ್ಲಿ ಷೇರುಗಳ ಸಂಖ್ಯೆ ಮತ್ತು ಅಂದಿನ ಮೌಲ್ಯ ಇರುತ್ತದೆಯೇ ಹೊರತು ಕೊಂಡ ಬೆಲೆ ಇರುವುದಿಲ್ಲ. ಬ್ರೋಕರ್‌ಗಳು ಹಳೆಯ ದಾಖಲೆಗಳನ್ನು ಕಾಯ್ದಿಡಬೇಕಾದ ಅವಧಿಗೂ ಮಿತಿಯಿದೆ. ಹೂಡಿಕೆ ಅದಕ್ಕಿಂತ ದೀರ್ಘವಾದದ್ದು.

ವರ್ಗಾವಣೆಯ ಕ್ರಮ

ಹಳೆಯ ಖಾತೆಯನ್ನು ಮುಚ್ಚಿ ಎಲ್ಲ ಷೇರುಗಳನ್ನೂ ಸಾಗಿಸುವುದಾದರೆ ಅದಕ್ಕೆ ಶುಲ್ಕ ವಿಧಿಸುವಂತಿಲ್ಲ. 2006ರ ಜನವರಿ 9ರಿಂದ ಸೆಬಿ ಈ ನಿಯಮವನ್ನು ಜಾರಿಗೊಳಿಸಿದೆ. ಆದರೆ ಎರಡೂ ಖಾತೆಗಳು ಎಲ್ಲ ರೀತಿಯಿಂದಲೂ ಒಂದೇ ಆಗಿರಬೇಕು. ಪತಿ-ಪತ್ನಿಯರ ಜಂಟಿ ಖಾತೆಯಾದರೆ ಹೆಸರುಗಳ ಅನುಕ್ರಮವೂ ಬದಲಾಗಬಾರದು. ಸಹಿ ಹೊಂದದಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ. ಅಡವಿಟ್ಟ ಷೇರುಗಳನ್ನು ಮೊದಲು ಬಿಡಿಸಿಕೊಳ್ಳಬೇಕು. ನಾಮನಿರ್ದೇಶನ ತಾನಾಗಿ ಹೊಸ ಖಾತೆಗೆ ಬರುವುದಿಲ್ಲ. ಅದನ್ನು ಅಲ್ಲಿ ಬೇರೆಯಾಗಿಯೇ ನೋಂದಾಯಿಸಬೇಕು.

ಕೆಲವು ಬ್ರೋಕರ್‌ಗಳು ಹಳೆಯ ಖರೀದಿಯ ದಿನ ಮತ್ತು ಬೆಲೆಯನ್ನು ಗ್ರಾಹಕರೇ ತುಂಬಲು ಅವಕಾಶ ನೀಡುತ್ತಾರೆ. ದಾಖಲೆ ಕೈಯಲ್ಲಿದ್ದವರಿಗೆ ಇದು ಅರ್ಧ ದಿನದ ಕೆಲಸ. ಇಲ್ಲದವರಿಗೆ ಬಗೆಹರಿಯದ ಒಗಟು.

ಕಾರ್ವಿ ಕಲಿಸಿದ ಪಾಠ

ಬ್ರೋಕರ್ ಬದಲಾವಣೆ ಎಂದೂ ಹೂಡಿಕೆದಾರರ ಇಚ್ಛೆಯಂತೆಯೇ ನಡೆಯುತ್ತದೆ ಎನ್ನುವಂತಿಲ್ಲ. ಗ್ರಾಹಕರ ಷೇರುಗಳ ದುರ್ಬಳಕೆಯ ಹಿನ್ನೆಲೆಯಲ್ಲಿ ಸೆಬಿ 2019ರ ನವೆಂಬರಿನಲ್ಲಿ ಕಾರ್ವಿ ಸ್ಟಾಕ್ ಬ್ರೋಕಿಂಗ್ ಮೇಲೆ ನಿರ್ಬಂಧ ಹೇರಿತು. ಮರುವರ್ಷ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಅದನ್ನು ಸುಸ್ತಿದಾರನೆಂದು ಘೋಷಿಸಿ ಸದಸ್ಯತ್ವದಿಂದ ಹೊರಹಾಕಿತು. ಅದರ ಗ್ರಾಹಕರು ಬಯಸದಿದ್ದರೂ ಬೇರೆ ಸಂಸ್ಥೆಗಳತ್ತ ಹೊರಳಬೇಕಾಯಿತು. ಅಂಥ ಹೊತ್ತಿನಲ್ಲಿ ಹಳೆಯ ಲೆಕ್ಕ ಕೊಡಿ ಎಂದು ಕೇಳಲು ಕಚೇರಿಯೇ ಇಲ್ಲದಿರಬಹುದು.

ಆದ್ದರಿಂದ ಬ್ರೋಕರನ್ನು ಬದಲಿಸುವ ಆಲೋಚನೆ ಇಲ್ಲದವರೂ ಪ್ರತಿ ವರ್ಷ ಮಾರ್ಚ್ ಮುಗಿದೊಡನೆ ವಹಿವಾಟು ವಿವರಗಳನ್ನು ಇಳಿಸಿಕೊಂಡು ಎರಡು ಕಡೆ ಜೋಪಾನ ಮಾಡುವುದು ಲೇಸು. ಷೇರನ್ನು ಡಿಪಾಸಿಟರಿ ಕಾಯುತ್ತದೆ. ಅದರ ಲೆಕ್ಕವನ್ನು ಮಾಲೀಕರೇ ಕಾಯಬೇಕು.